ಲೂಡೆರಿಟ್ಸ್‌ಗೆ ಹೋಗಿಬರುವುದು ಹೇಗೆ: ಮರಳಿಗೂ ಕಡಲಿಗೂ ನಡುವಿನ ಊರಿಗೊಂದು ಸಮಗ್ರ ಮಾರ್ಗದರ್ಶಿ

ಆಫ್ರಿಕಾದ ನಮೀಬಿಯಾಕ್ಕೆ ಹೋಗುವ ನಮ್ಮವರು ಸಾಮಾನ್ಯವಾಗಿ ಸೊಸ್ಸುಸ್‌ಫ್ಲೇಯ ಕೆಂಪು ಮರಳುದಿಬ್ಬ, ಎಟೋಷಾದ ಆನೆ, ಸ್ವಾಕೊಪ್‌ಮುಂಡ್‌ನ ಕಡಲದಂಡೆ ನೋಡಿಕೊಂಡು ವಾಪಸಾಗುತ್ತಾರೆ. ದಕ್ಷಿಣದ ಲೂಡೆರಿಟ್ಸ್ ‘ತುಂಬಾ ದೂರ’ ಎಂದು ಪಟ್ಟಿಯಿಂದ ಬಿದ್ದುಹೋಗುತ್ತದೆ. ಅಲ್ಲಿಗೆ ಹೋದವರಲ್ಲೂ ಅನೇಕರು ಒಂದೇ ರಾತ್ರಿ ತಂಗಿ, ಮರಳು ತುಂಬಿದ ಮನೆಗಳ ಫೋಟೋ ತೆಗೆದು, ಮಧ್ಯಾಹ್ನದ ಗಾಳಿಗೆ ಬೇಸತ್ತು, ‘ಆ ಊರಿನಲ್ಲಿ ಏನೂ ಇಲ್ಲ’ ಎನ್ನುತ್ತಾರೆ. ಮೊದಲ ಸಲ ನಾನೂ ಒಂದೇ ರಾತ್ರಿಯ ಲೆಕ್ಕದಲ್ಲಿ ಹೋಗಿದ್ದೆ. ಎರಡನೇ ಸಲ ಮೂರು ರಾತ್ರಿ ಇದ್ದೆ. ಆಗ ತಿಳಿದದ್ದು ಇಷ್ಟು: ಇಲ್ಲಿ ದಿನಚರಿ ಬರೆಯುವುದು ಗಾಳಿ. ಬೆಳಿಗ್ಗೆ ಅದು ಮಲಗಿರುತ್ತದೆ, ಮಧ್ಯಾಹ್ನ ಏಳುತ್ತದೆ, ಸಂಜೆಯವರೆಗೂ ಬಿಡುವುದಿಲ್ಲ. ಹೊರಗಿನ ಕೆಲಸವನ್ನೆಲ್ಲ ಬೆಳಿಗ್ಗೆಗೆ, ಒಳಗಿನದನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡರೆ ಊರು ತೆರೆದುಕೊಳ್ಳುತ್ತದೆ. ಕೆಳಗಿನ ಎಲ್ಲ ಸಲಹೆಗಳೂ ಈ ಒಂದು ಲೆಕ್ಕದ ಮೇಲೆ ನಿಂತಿವೆ.

ಕಡಲ ಪಕ್ಕ ಮರುಭೂಮಿ ಹೇಗೆ?

ಕಡಲಿದ್ದ ಕಡೆ ಮಳೆ ಇರುತ್ತದೆ ಎನ್ನುವುದು ಕರಾವಳಿಯ ನಮಗೆ ಹುಟ್ಟಿನಿಂದ ಬಂದ ನಂಬಿಕೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಲೂಡೆರಿಟ್ಸ್‌ನಲ್ಲಿ ವರ್ಷವಿಡೀ ಬೀಳುವುದು ಸುಮಾರು 20 ಮಿ.ಮೀ. ನಮ್ಮಲ್ಲಿ ಜೂನ್ ತಿಂಗಳ ಒಂದು ಗಂಟೆಯ ಮಳೆ ಅದಕ್ಕಿಂತ ಜೋರಾಗಿರುತ್ತದೆ. ದಕ್ಷಿಣ ಧ್ರುವದ ಕಡೆಯಿಂದ ತಣ್ಣೀರು ಹೊತ್ತು ಬರುವ ಬೆಂಗ್ವೇಲಾ ಪ್ರವಾಹ ಈ ದಡವನ್ನು ಸವರಿಕೊಂಡೇ ಸಾಗುತ್ತದೆ. ನೀರು ತಣ್ಣಗಿರುವುದರಿಂದ ಅದರ ಮೇಲಿನ ಗಾಳಿಯೂ ತಣ್ಣಗಿರುತ್ತದೆ. ತಣ್ಣನೆಯ ಗಾಳಿ ಮೇಲೇರುವುದಿಲ್ಲ, ಮೇಲೇರದ ಗಾಳಿ ಮೋಡ ಕಟ್ಟಿ ಮಳೆ ಸುರಿಸುವುದಿಲ್ಲ. ಮಂಜು ಮಾತ್ರ ಬರುತ್ತದೆ. ಇದೇ ತಣ್ಣೀರು ತಳದ ಪೋಷಕಾಂಶಗಳನ್ನು ಮೇಲೆತ್ತುವುದರಿಂದ ಮೀನು ಹೇರಳ. ನೆಲದ ಮೇಲೆ ಹುಲ್ಲುಕಡ್ಡಿಯೂ ಕಾಣದ ಜಾಗದಲ್ಲಿ ನೀರಿನೊಳಗೆ ಸೀಲ್, ಪೆಂಗ್ವಿನ್, ಡಾಲ್ಫಿನ್‌ಗಳು ಸುಖವಾಗಿರುವುದು ಹೀಗೆ. ಈಜಲು ಹೋಗುತ್ತೇನೆ ಎಂದುಕೊಂಡಿದ್ದರೆ ಆ ಯೋಚನೆ ಬಿಡಿ. ನೀರು ಮೈ ಕೊರೆಯುವಷ್ಟು ತಣ್ಣಗಿರುತ್ತದೆ.

ಯಾವ ತಿಂಗಳು ಹೋಗಬೇಕು

ಏಪ್ರಿಲ್ ಮತ್ತು ಮೇ ನನ್ನ ಆಯ್ಕೆ. ನಮ್ಮ ಮಕ್ಕಳ ಬೇಸಿಗೆ ರಜೆಯೂ ಆಗಲೇ ಬರುತ್ತದೆ. ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ತೆಂಕಣ ಗಾಳಿಯ ಆರ್ಭಟ ಜಾಸ್ತಿ. ಎಷ್ಟು ಎಂದರೆ, ಗಾಳಿಯ ಬಲದಲ್ಲಿ ಹಲಗೆಯ ಮೇಲೆ ನಿಂತು ನೀರ ಮೇಲೆ ಹಾರುವ ಕೈಟ್ ಸರ್ಫಿಂಗ್ ಆಟಗಾರರು ವೇಗದ ದಾಖಲೆ ಬರೆಯಲು ಇಲ್ಲಿನ ಹಿನ್ನೀರಿಗೇ ಬರುತ್ತಾರೆ. 2010ರ ಅಕ್ಟೋಬರ್‌ನಲ್ಲಿ ಅಮೆರಿಕದ ರಾಬ್ ಡಗ್ಲಸ್ ಇಲ್ಲಿ 55.65 ನಾಟ್, ಅಂದರೆ ಗಂಟೆಗೆ ಸುಮಾರು 103 ಕಿ.ಮೀ. ವೇಗ ಮುಟ್ಟಿದರು. ಅವರಿಗೆ ಬೇಕಾದ ಗಾಳಿ ನಮಗೆ ಕಣ್ಣು ಬಿಡಲು ಬಿಡುವುದಿಲ್ಲ.

ಜೂನ್, ಜುಲೈ ಚಳಿಗಾಲ. ಗಾಳಿ ಕೊಂಚ ಸುಮ್ಮನಿರುತ್ತದೆ, ಆದರೆ ಹಗಲು ಚಿಕ್ಕದು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಒಂದು ಅದೃಷ್ಟದ ಅವಕಾಶವಿದೆ: ಆ ವರ್ಷದ ಚಳಿಗಾಲದಲ್ಲಿ ಒಳ್ಳೆ ಮಳೆಯಾಗಿದ್ದರೆ ಲೂಡೆರಿಟ್ಸ್‌ನ ದಾರಿಯಲ್ಲಿ ಸಿಗುವ ಔಸ್ ಊರಿನ ಸುತ್ತಲ ಬೋಳು ಬಯಲು ಹೂವಿನಿಂದ ತುಂಬುತ್ತದೆ. ಆಗದಿದ್ದರೆ ಇಲ್ಲ. ಅದನ್ನೇ ನಂಬಿ ಟಿಕೆಟ್ ಮಾಡಿಸಬೇಡಿ.

ಕಾಗದಪತ್ರಗಳು

ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ನಮೀಬಿಯಾದ ವೀಸಾ ಬೇಕು. 2025ರ ಏಪ್ರಿಲ್‌ನಲ್ಲಿ ಆ ದೇಶ ತನ್ನ ವೀಸಾ ನಿಯಮಗಳಲ್ಲಿ ದೊಡ್ಡ ಬದಲಾವಣೆ ಮಾಡಿತು. ಹಾಗಾಗಿ ಹಳೆಯ ಪ್ರವಾಸಿಗರ ಮಾತು ಕೇಳಿ ನಡೆಯಬೇಡಿ. ವಿಮಾನದ ಟಿಕೆಟ್‌ಗೆ ದುಡ್ಡು ಕಟ್ಟುವ ಮುಂಚೆ ನಮೀಬಿಯಾದ ಗೃಹ ಸಚಿವಾಲಯದ ಜಾಲತಾಣ ಇಲ್ಲವೇ ದೆಹಲಿಯಲ್ಲಿರುವ ಹೈಕಮಿಷನ್ ಹೇಳುವುದನ್ನು ಮಾತ್ರ ನಂಬಿ. ಪಾಸ್‌ಪೋರ್ಟ್‌ನಲ್ಲಿ ಆರು ತಿಂಗಳ ಅವಧಿ, ಕೆಲವು ಖಾಲಿ ಪುಟಗಳು ಇರಲಿ. ಮಕ್ಕಳನ್ನು ಕರೆದೊಯ್ಯುವವರು ಜನನ ಪ್ರಮಾಣಪತ್ರ ಒಯ್ಯಿರಿ.

ಬೆಂಗಳೂರಿನಿಂದ ನಮೀಬಿಯಾದ ರಾಜಧಾನಿ ವಿಂಡ್‌ಹುಕ್‌ಗೆ ನೇರ ವಿಮಾನವಿಲ್ಲ. ಆಡಿಸ್ ಅಬಾಬಾ ಅಥವಾ ಜೊಹಾನ್ಸ್‌ಬರ್ಗ್‌ನಲ್ಲಿ ಬದಲಾಯಿಸುವುದು ರೂಢಿ. ಆಡಿಸ್ ಅಬಾಬಾ ಮೂಲಕ ಹೋಗುವವರು ಹಳದಿ ಜ್ವರದ ಲಸಿಕೆಯ ವಿಷಯ ಮರೆಯಬಾರದು. ಇಥಿಯೋಪಿಯಾ ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿದೆ, ಭಾರತಕ್ಕೆ ಮರಳುವಾಗ ಪ್ರಮಾಣಪತ್ರ ಕೇಳಬಹುದು. ಚುಚ್ಚಿಸಿಕೊಂಡ 10 ದಿನಗಳ ನಂತರವೇ ಅದು ಊರ್ಜಿತವಾಗುತ್ತದೆ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಲಸಿಕೆ ಅಧಿಕೃತ ಕೇಂದ್ರಗಳಲ್ಲಿ ಮಾತ್ರ ಸಿಗುವುದರಿಂದ ತಿಂಗಳ ಮುಂಚೆಯೇ ಸಮಯ ಗೊತ್ತುಮಾಡಿಕೊಳ್ಳಿ. ದೇಶದ ಈ ದಕ್ಷಿಣ ಭಾಗದಲ್ಲಿ ಮಲೇರಿಯಾದ ಭಯವಿಲ್ಲ.

ಕಾರು ಓಡಿಸುವವರು ಇಲ್ಲಿನ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ, ಮೂಲ ಡಿಎಲ್ ಜೊತೆಗೇ ಇಟ್ಟುಕೊಳ್ಳಿ. ಸಮಾಧಾನದ ವಿಷಯವೆಂದರೆ ಅಲ್ಲೂ ನಮ್ಮಂತೆ ಎಡಗಡೆಯ ಸಂಚಾರ, ಬಲಗಡೆ ಸ್ಟಿಯರಿಂಗ್.

ದುಡ್ಡಿನ ಮಾತು ಚಿಕ್ಕದು. ನಮೀಬಿಯಾದ ಡಾಲರ್ ಮತ್ತು ದಕ್ಷಿಣ ಆಫ್ರಿಕಾದ ರ್‍ಯಾಂಡ್ ಸಮಬೆಲೆ, ಎರಡೂ ನಮೀಬಿಯಾದಲ್ಲಿ ಚಲಾವಣೆಯಾಗುತ್ತವೆ. ನಮೀಬಿಯಾದ ನೋಟು ಮಾತ್ರ ಗಡಿ ದಾಟಿದರೆ ನಡೆಯುವುದಿಲ್ಲ, ಹೊರಡುವ ಮುಂಚೆ ಖರ್ಚು ಮಾಡಿಬಿಡಿ. ಇಂಗ್ಲಿಷ್ ಅಲ್ಲಿನ ಆಡಳಿತ ಭಾಷೆಯಾದ್ದರಿಂದ ಮಾತಿಗೆ ತೊಂದರೆಯಿಲ್ಲ. ಗಡಿಯಾರವನ್ನು ಮೂರೂವರೆ ಗಂಟೆ ಹಿಂದಕ್ಕಿಡಿ.

ವಿಂಡ್‌ಹುಕ್‌ನಿಂದ ದಕ್ಷಿಣಕ್ಕೆ

ರಾಜಧಾನಿಯಿಂದ ಲೂಡೆರಿಟ್ಸ್‌ಗೆ ಸಣ್ಣ ವಿಮಾನವಿದೆ, ಆದರೆ ದಿನವೂ ಅಲ್ಲ. ಮಂಜು ಅಥವಾ ಗಾಳಿ ಬಂದರೆ ಇಳಿಯುವುದೂ ಖಾತ್ರಿಯಿಲ್ಲ. ವಿಮಾನದಲ್ಲಿ ಹೋಗುವವರು ಮರಳುವ ಅಂತರರಾಷ್ಟ್ರೀಯ ವಿಮಾನಕ್ಕೂ ಇದಕ್ಕೂ ನಡುವೆ ಕನಿಷ್ಠ ಒಂದು ಇಡೀ ದಿನ ಬಿಡಿ. ಪ್ರಯಾಣಿಕರ ರೈಲು ಇಲ್ಲ. ದೂರದ ಬಸ್ಸುಗಳು ಕೀಟ್‌ಮನ್ಸ್‌ಹೂಪ್‌ವರೆಗೆ ಸಿಗುತ್ತವೆ, ಅಲ್ಲಿಂದ ಮುಂದೆ ಸ್ಥಳೀಯರು ಬಳಸುವ ಹಂಚಿಕೆಯ ವ್ಯಾನುಗಳು, ತುಂಬಿದಾಗ ಹೊರಡುತ್ತವೆ.

ಕಾರೇ ಉತ್ತಮ. ವಿಂಡ್‌ಹುಕ್‌ನಿಂದ ಬಿ1 ಹೆದ್ದಾರಿಯಲ್ಲಿ ಕೀಟ್‌ಮನ್ಸ್‌ಹೂಪ್‌ಗೆ ಸುಮಾರು 500 ಕಿ.ಮೀ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಬಿ4ರಲ್ಲಿ ಇನ್ನೂ ಸುಮಾರು 335. ಎರಡೂ ಒಳ್ಳೆಯ ಟಾರು ರಸ್ತೆ. ಈ ದಾರಿ ಮಾತ್ರ ಸಾಕೆಂದರೆ ಮಾಮೂಲಿ ಕಾರು ನಡೆಯುತ್ತದೆ. ಸೊಸ್ಸುಸ್‌ಫ್ಲೇ ಕಡೆಯಿಂದ ಬರುವವರಿಗೆ ಸಿಗುವುದು ಜಲ್ಲಿ ರಸ್ತೆ. ಅಲ್ಲಿ ಎತ್ತರದ ಗಾಡಿ, ಎರಡು ಸ್ಟೆಪ್ನಿ, ಗಂಟೆಗೆ 80 ದಾಟದ ವೇಗ ಬೇಕು. ಜಲ್ಲಿಯ ಮೇಲೆ ಜೋರಾಗಿ ಹೋಗಿ ತಟ್ಟನೆ ಬ್ರೇಕ್ ಒತ್ತುವುದೇ ಗಾಡಿ ಪಲ್ಟಿಯಾಗಲು ಕಾರಣ. ಸ್ಟೆಪ್ನಿ ಬದಲಾಯಿಸುವುದನ್ನು, ಜಾಕ್ ಎಲ್ಲಿದೆ ಎಂಬುದನ್ನು ಕಾರು ಪಡೆಯುವ ಜಾಗದಲ್ಲೇ ಮಾಡಿ ನೋಡಿ. ರಸ್ತೆಯಲ್ಲಿ ಅರ್ಧ ಗಂಟೆಗೊಂದು ಗಾಡಿ ಬಂದರೆ ಹೆಚ್ಚು.

ಕಾರು ಬಾಡಿಗೆಯ ಕರಾರಿನಲ್ಲಿ ಒಂದು ಸಾಲನ್ನು ಹುಡುಕಿ ಓದಿ: ಮರಳುಗಾಳಿಯಿಂದ ಆಗುವ ಹಾನಿಗೆ ವಿಮೆ ಇದೆಯೇ? ಸಾಮಾನ್ಯ ವಿಮೆಯಲ್ಲಿ ಹೆಚ್ಚಾಗಿ ಇರುವುದಿಲ್ಲ, ಬೇರೆ ದುಡ್ಡು ಕೊಟ್ಟು ಸೇರಿಸಬೇಕು. ಮೊದಲ ಸಲ ನಾನು ಅದನ್ನು ಕೇಳಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಗಾಳಿಯೊಳಗೆ ಓಡಿಸಿ ಊರು ಸೇರಿದಾಗ ಮುಂದಿನ ಗಾಜು ಉಪ್ಪುಕಾಗದ ಉಜ್ಜಿದ ಹಾಗೆ ಮಂಕಾಗಿತ್ತು, ನಂಬರ್ ಪ್ಲೇಟಿನ ಬಣ್ಣ ಹಾರಿಹೋಗಿತ್ತು. ಗಾಜಿನ ಹಣವನ್ನು ಪೂರ್ತಿ ನಾನೇ ಕಟ್ಟಿದೆ.

ವಿಂಡ್‌ಹುಕ್‌ನಿಂದ ಒಂದೇ ದಿನಕ್ಕೆ ಎಳೆದುಕೊಂಡು ಹೋಗಬೇಡಿ. ಕತ್ತಲಾದ ಮೇಲೆ ರಸ್ತೆಗೆ ಜಿಂಕೆ ಜಾತಿಯ ಪ್ರಾಣಿಗಳು ಅಡ್ಡ ಬರುತ್ತವೆ, ಬಾಡಿಗೆ ಕರಾರುಗಳಲ್ಲೂ ರಾತ್ರಿ ಓಡಿಸಲು ನಿರ್ಬಂಧ ಇರುವುದುಂಟು. ಮೊದಲ ರಾತ್ರಿ ಕೀಟ್‌ಮನ್ಸ್‌ಹೂಪ್, ಸಾಧ್ಯವಾದರೆ ಔಸ್. ಔಸ್‌ನಲ್ಲಿ ತಂಗುವುದಕ್ಕೆ ಕಾರಣ ಮತ್ತೆ ಗಾಳಿಯೇ: ಅಲ್ಲಿಂದ ಬೆಳಿಗ್ಗೆ ಏಳಕ್ಕೆ ಹೊರಟರೆ ಕೊನೆಯ ಹಂತ ಗಾಳಿ ಏಳುವ ಮುಂಚೆ ಮುಗಿದಿರುತ್ತದೆ.

ಕೊನೆಯ 125 ಕಿ.ಮೀ.

ಔಸ್‌ನಲ್ಲಿ ಟ್ಯಾಂಕ್ ತುಂಬಿಸಿ. ಮುಂದೆ ಲೂಡೆರಿಟ್ಸ್‌ವರೆಗೆ ಪೆಟ್ರೋಲ್ ಬಂಕ್ ಇಲ್ಲ, ಅಂಗಡಿ ಇಲ್ಲ, ಮನೆಯಿಲ್ಲ, ನೆರಳಿಲ್ಲ. ತಲೆಗೆ ಐದು ಲೀಟರ್ ಕುಡಿಯುವ ನೀರು ಗಾಡಿಯಲ್ಲಿರಲಿ. ನಕ್ಷೆಯನ್ನು ಫೋನಿಗೆ ಇಳಿಸಿಟ್ಟುಕೊಳ್ಳಿ, ಸಿಗ್ನಲ್ ಬಂದುಹೋಗಿ ಮಾಡುತ್ತದೆ.

ಔಸ್ ದಾಟಿ ಸುಮಾರು 20 ಕಿ.ಮೀ.ಗೆ ಬಲಗಡೆ ಗರುಬ್ ಎಂಬ ಫಲಕ ಬರುತ್ತದೆ. ಸ್ವಲ್ಪ ಒಳಗೆ ಹೋದರೆ ನೀರಿನ ತೊಟ್ಟಿ, ಎದುರಿಗೆ ಕೂತು ನೋಡಲು ನೆರಳಿನ ಚಪ್ಪರ. ಅಲ್ಲಿಗೆ ನೀರು ಕುಡಿಯಲು ಬರುವವು ಮರುಭೂಮಿಯ ಕಾಡುಕುದುರೆಗಳು. ಮೊದಲ ಮಹಾಯುದ್ಧದ ಕಾಲ, 1915ರ ಸುಮಾರಿಗೆ, ಈ ಭಾಗದಲ್ಲಿ ಚದುರಿಹೋದ ಸೇನೆಯ ಕುದುರೆಗಳು ಮತ್ತು ಹತ್ತಿರದ ಕುದುರೆ ಸಾಕಣೆ ಕೇಂದ್ರದ ತಳಿಗಳು ಇವುಗಳ ಪೂರ್ವಜರು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ನೂರು ವರ್ಷ ಮನುಷ್ಯನ ಆರೈಕೆಯಿಲ್ಲದೆ, ರೈಲಿಗಾಗಿ ಕೊರೆದಿದ್ದ ಒಂದು ಬಾವಿಯ ನೀರನ್ನು ನಂಬಿ ಬದುಕಿ ಬಂದಿವೆ. ಬರಗಾಲ ಮತ್ತು ಕತ್ತೆಕಿರುಬಗಳ ಹಾವಳಿಯಿಂದ ಈಚಿನ ದಶಕದಲ್ಲಿ ಇವುಗಳ ಸಂಖ್ಯೆ ತೀರಾ ಕುಗ್ಗಿತ್ತು, ಮರಿಗಳೇ ಉಳಿಯದ ವರ್ಷಗಳೂ ಇದ್ದವು. ಏನನ್ನೂ ತಿನ್ನಲು ಕೊಡಬೇಡಿ, ಹತ್ತಿರ ಹೋಗಿ ಮುಟ್ಟಬೇಡಿ. ಕೂತುಕೊಂಡು ನೋಡಿ. ದೂರದ ಬಿಸಿಲ ಝಳದಲ್ಲಿ ಕಪ್ಪು ಚುಕ್ಕಿಗಳಾಗಿ ಹುಟ್ಟಿ, ಸಾಲಾಗಿ ನಡೆದು ಬಂದು, ದೊಡ್ಡವು ಕುಡಿದ ಮೇಲೆ ಎಳೆಯವು ಕುಡಿಯುವುದನ್ನು ನೋಡಲು ಒಂದು ಗಂಟೆ ಕೊಟ್ಟರೂ ನಷ್ಟವಿಲ್ಲ.

ಇಲ್ಲಿಂದ ಮುಂದೆ ರಸ್ತೆಯ ದಕ್ಷಿಣಕ್ಕೆ ‘ಒಳಗೆ ಪ್ರವೇಶವಿಲ್ಲ’ ಎಂಬ ಫಲಕಗಳು ಕಾಣುತ್ತವೆ. ಅವುಗಳನ್ನು ಅಕ್ಷರಶಃ ಪಾಲಿಸಬೇಕು. ಅದು ಷ್ಪೆರ್‌ಗೆಬೀಟ್, ಅಂದರೆ ಜರ್ಮನ್ ಭಾಷೆಯಲ್ಲಿ ನಿಷಿದ್ಧ ಪ್ರದೇಶ. ವಜ್ರ ಸಿಕ್ಕಿತೆಂದು 1908ರಲ್ಲಿ, ಆಗ ಈ ನಾಡನ್ನು ಆಳುತ್ತಿದ್ದ ಜರ್ಮನ್ ಸರ್ಕಾರ ಬೇಲಿ ಹಾಕಿದ ಈ 26,000 ಚದರ ಕಿ.ಮೀ. ನೆಲ 2008ರಲ್ಲಿ ರಾಷ್ಟ್ರೀಯ ಉದ್ಯಾನವಾದರೂ ಇಂದಿಗೂ ಪರವಾನಗಿಯಿಲ್ಲದೆ ಕಾಲಿಡುವಂತಿಲ್ಲ. ಫೋಟೋಗೆಂದು ನಾಲ್ಕು ಹೆಜ್ಜೆ ಒಳಗೆ ಹೋಗುವುದೂ ತಪ್ಪೇ.

ಊರು ಇನ್ನು 20-30 ಕಿ.ಮೀ. ಇರುವಾಗ ದಿಬ್ಬಗಳು ರಸ್ತೆ ದಾಟುವ ಜಾಗ ಬರುತ್ತದೆ. ದಾಟುವುದು ರಸ್ತೆಯಲ್ಲ, ದಿಬ್ಬ! ಗಾಳಿ ಮರಳನ್ನು ನಾಲಿಗೆಯಂತೆ ಟಾರಿನ ಮೇಲೆ ಚಾಚುತ್ತದೆ, ಯಂತ್ರಗಳು ಬಂದು ಬಳಿಯುತ್ತವೆ, ಮರುದಿನ ಮತ್ತೆ ಬರುತ್ತದೆ. ವೇಗ ಇಳಿಸಿ. ಎದುರಿನ ಗಾಡಿ ಆ ನಾಲಿಗೆಯನ್ನು ತಪ್ಪಿಸಲು ನಿಮ್ಮ ಕಡೆಗೇ ಬರಬಹುದು. ಕಾಲೆತ್ತರದಲ್ಲಿ ಮರಳು ಹೊಗೆಯಂತೆ ಹರಿಯುತ್ತಿದ್ದರೆ ಇನ್ನೂ ಹೋಗಬಹುದು. ಗಾಜಿನೆತ್ತರಕ್ಕೆ ಏರಿದರೆ ರಸ್ತೆಯಿಂದ ಪೂರ್ತಿ ಇಳಿದು ನಿಂತು, ಗಾಡಿಯ ಹಿಂಭಾಗವನ್ನು ಗಾಳಿಗೆ ಕೊಟ್ಟು ಕಾಯಿರಿ.

ಎಲ್ಲಿ ಉಳಿಯುವುದು, ಏನು ತಿನ್ನುವುದು

ಬಂಡೆಗಳ ಮೇಲೆ ಬಣ್ಣಬಣ್ಣದ ಜರ್ಮನ್ ಮನೆಗಳು, ಕೆಳಗೆ ಬಂದರು: ಊರೆಂದರೆ ಇಷ್ಟೇ, ನಡೆದೇ ಸುತ್ತಬಹುದು. ಹೋಟೆಲು, ಅತಿಥಿಗೃಹ, ಅಡುಗೆಮನೆ ಇರುವ ಬಾಡಿಗೆ ಮನೆ ಎಲ್ಲವೂ ಇವೆ. ನಾನು ಹೇಳುವುದು ಅಡುಗೆಮನೆ ಇರುವುದನ್ನೇ ಹಿಡಿಯಿರಿ ಎಂದು. ಮೀನು ತಿನ್ನುವವರಿಗೆ ಇದು ಸ್ವರ್ಗ. ಇಲ್ಲಿನ ಸಿಂಪಿ, ಲಾಬ್‌ಸ್ಟರ್, ಮೀನುಗಳು ಕಡಲಿನಿಂದ ನೇರ ತಟ್ಟೆಗೆ ಬರುತ್ತವೆ. ಸಸ್ಯಾಹಾರಿಗಳಿಗೆ ಹೋಟೆಲಿನಲ್ಲಿ ಸಿಗುವುದು ಆಲೂಗಡ್ಡೆ, ಸಲಾಡ್, ಪಾಸ್ತಾ, ಅಷ್ಟೇ. ಸೂಪರ್ ಮಾರ್ಕೆಟ್‌ನಲ್ಲಿ ಅಕ್ಕಿ, ಬೇಳೆ, ತರಕಾರಿ, ಮೊಸರು ದೊರೆಯುತ್ತವೆ. ಚಟ್ನಿಪುಡಿ, ಸಾರಿನಪುಡಿ, ಪುಳಿಯೋಗರೆ ಗೊಜ್ಜು, ಗಟ್ಟಿ ಅವಲಕ್ಕಿ ಒಯ್ದರೆ ಮೂರು ದಿನ ಹಾಯಾಗಿ ಕಳೆಯಬಹುದು. ಪೊಟ್ಟಣಗಳು ಅಂಗಡಿಯಲ್ಲಿ ಮುಚ್ಚಿದ ಹಾಗೇ ಇರಲಿ, ಕಸ್ಟಮ್ಸ್‌ನಲ್ಲಿ ಕೇಳಿದರೆ ಮರೆಮಾಚದೆ ತೋರಿಸಿ. ಭಾನುವಾರ ಅಂಗಡಿಗಳು ಬೇಗ ಮುಚ್ಚುತ್ತವೆ, ಶನಿವಾರವೇ ಸಾಮಾನು ತಂದಿಡಿ.

ಕುಡಿಯುವ ನೀರು ಮರುಭೂಮಿಯ ಕೆಳಗಿನ ಅಂತರ್ಜಲದಿಂದ ಕೊಳವೆಯಲ್ಲಿ ಬರುತ್ತದೆ. ಬಚ್ಚಲಲ್ಲಿ ನಲ್ಲಿ ತೆರೆದಾಗಲೆಲ್ಲ ಇದು ನೆನಪಿರಲಿ.

ಪ್ಲಗ್ಗಿನ ವಿಷಯದಲ್ಲಿ ನಮಗೊಂದು ಅನುಕೂಲವಿದೆ. ಅಲ್ಲಿನ ಸಾಕೆಟ್ ದಪ್ಪ ದುಂಡನೆ ಮೂರು ಕಡ್ಡಿಯದು, ನಮ್ಮಲ್ಲಿ ಗೀಸರ್, ಎಸಿಗೆ ಹಾಕುವ ದೊಡ್ಡ ಪ್ಲಗ್ಗಿನ ಅಳತೆಯದೇ. ವೋಲ್ಟೇಜೂ ಒಂದೇ. ಅಂಥ ದೊಡ್ಡ ಪ್ಲಗ್ಗಿರುವ ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ಮನೆಯಿಂದಲೇ ಒಯ್ದರೆ ಮನೆಮಂದಿಯ ಫೋನು, ಕ್ಯಾಮೆರಾ ಎಲ್ಲ ಒಟ್ಟಿಗೆ ಚಾರ್ಜ್ ಆಗುತ್ತವೆ.

ಬಟ್ಟೆ: ಆಫ್ರಿಕಾದ ಮರುಭೂಮಿ ಎಂದು ಹತ್ತಿಯ ಅಂಗಿ ಮಾತ್ರ ತುಂಬಿಕೊಂಡರೆ ನಡುಗುತ್ತೀರಿ. ಗಾಳಿ ತಡೆಯುವ ಜಾಕೆಟ್, ಸ್ವೆಟರ್, ಕಿವಿ ಮುಚ್ಚುವ ಟೊಪ್ಪಿ ಬೇಕೇ ಬೇಕು. ನಮ್ಮೂರಿನ ಮಂಕಿ ಕ್ಯಾಪ್ ಇಲ್ಲಿ ಅತ್ಯುತ್ತಮ. ಜೊತೆಗೆ ಸನ್‌ಸ್ಕ್ರೀನ್. ಚಳಿ ಇರುವುದರಿಂದ ಬಿಸಿಲು ಸುಡುತ್ತಿರುವುದು ಗೊತ್ತಾಗುವುದಿಲ್ಲ, ರಾತ್ರಿ ಮುಖ ಉರಿಯುತ್ತದೆ.

ಮೊದಲ ಬೆಳಿಗ್ಗೆ: ಕೋಲ್ಮನ್ಸ್‌ಕಾಪ್

ಊರಿಂದ ಸುಮಾರು 10 ಕಿ.ಮೀ. ಒಳಗಡೆ ಇರುವ ಈ ಪಾಳುಬಿದ್ದ ಗಣಿ ಊರೇ ಬಹಳ ಜನ ಇಲ್ಲಿಗೆ ಬರುವುದಕ್ಕೆ ಕಾರಣ. 1908ರ ಏಪ್ರಿಲ್‌ನಲ್ಲಿ ರೈಲು ಹಳಿಯ ಮರಳು ಬಳಿಯುತ್ತಿದ್ದ ಜಕರಯಾಸ್ ಲೆವಾಲಾ ಎಂಬ ಕೂಲಿಯ ಕಣ್ಣಿಗೆ ಹೊಳೆಯುವ ಕಲ್ಲೊಂದು ಬಿತ್ತು. ಆತ ಮೊದಲು ದಕ್ಷಿಣ ಆಫ್ರಿಕಾದ ಕಿಂಬರ್ಲಿಯ ವಜ್ರದ ಗಣಿಯಲ್ಲಿ ದುಡಿದವನು, ಗುರುತು ಹಿಡಿದ. ಮೇಲಧಿಕಾರಿ ಆಗಸ್ಟ್ ಸ್ಟೌಖ್‌ಗೆ ಕೊಟ್ಟ. ಸ್ಟೌಖ್ ಸುತ್ತಲ ನೆಲದ ಹಕ್ಕು ಬರೆಸಿಕೊಂಡು ಶ್ರೀಮಂತನಾದ. ಲೆವಾಲಾಗೆ ಬಹುಮಾನವಾಗಿ ಏನೂ ದಕ್ಕಲಿಲ್ಲ.

ಕೆಲವೇ ವರ್ಷಗಳಲ್ಲಿ ಇಲ್ಲಿ ನೃತ್ಯಶಾಲೆ, ಆಸ್ಪತ್ರೆ, ಎಕ್ಸ್-ರೇ ಯಂತ್ರ, ಮಂಜುಗಡ್ಡೆ ಕಾರ್ಖಾನೆ, ಸೋಡಾ ಕಾರ್ಖಾನೆ, ಬೇಕರಿ ಎಲ್ಲ ಎದ್ದವು. ಕುಡಿಯುವ ನೀರು ಕೇಪ್‌ಟೌನ್‌ನಿಂದ ಹಡಗಿನಲ್ಲಿ ಬರುತ್ತಿತ್ತು. ನಮ್ಮ ಕೆಜಿಎಫ್‌ನ ಬ್ರಿಟಿಷ್ ಬಂಗಲೆ, ಕ್ಲಬ್ಬುಗಳನ್ನು ಒಂದು ಕಡೆ, ಕೂಲಿ ಲೈನುಗಳನ್ನು ಇನ್ನೊಂದು ಕಡೆ ಕಂಡವರಿಗೆ ಈ ಊರಿನ ರಚನೆ ಬೇಗ ಅರ್ಥವಾಗುತ್ತದೆ. ಸುಮಾರು 300 ಜರ್ಮನ್ ವಯಸ್ಕರಿದ್ದ ಊರಿನಲ್ಲಿ ಕೆಲಸ ಮಾಡುತ್ತಿದ್ದವರು ಉತ್ತರದಿಂದ ಕರಾರಿನ ಮೇಲೆ ಬಂದ ಸುಮಾರು 800 ಒವಾಂಬೋ ಕಾರ್ಮಿಕರು. 1928ರಲ್ಲಿ ದಕ್ಷಿಣದ ಆರೆಂಜ್ ನದಿಯ ಬಾಯಲ್ಲಿ ಇನ್ನೂ ದೊಡ್ಡ ವಜ್ರಗಳು ಸಿಕ್ಕ ಮೇಲೆ ಜನ ಒಬ್ಬೊಬ್ಬರಾಗಿ ಹೊರಟರು. 1956ರ ಹೊತ್ತಿಗೆ ಊರು ಖಾಲಿ. ಆಮೇಲೆ ಬಾಗಿಲು ತಳ್ಳಿಕೊಂಡು ಮರಳು ಒಳಗೆ ಬಂತು.

ಹೇಗೆ ನೋಡಬೇಕು? ಸಾಮಾನ್ಯ ಟಿಕೆಟ್ಟಿಗೆ ಮಧ್ಯಾಹ್ನ ಒಂದರವರೆಗೆ ಮಾತ್ರ ಪ್ರವೇಶ. ಬೆಳಿಗ್ಗೆ ಮಾರ್ಗದರ್ಶಕರ ಜೊತೆ ಸುತ್ತಾಟ ಇರುತ್ತದೆ, ಅದು ಟಿಕೆಟ್ಟಿನಲ್ಲೇ ಸೇರಿದೆ. ವೇಳೆಯನ್ನು ಹಿಂದಿನ ದಿನ ನೀವು ಉಳಿದ ಮನೆಯವರನ್ನೇ ಕೇಳಿ. ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಒಳಗಿರಬೇಕೆಂದರೆ ಬೇರೆ ಫೋಟೋ ಪರವಾನಗಿ ಇದೆ. ಛಾಯಾಗ್ರಹಣದಲ್ಲಿ ನಿಜವಾದ ಆಸಕ್ತಿ ಇದ್ದರೆ ಹಿಂದಿನ ದಿನವೇ ಮಾಡಿಸಿಕೊಳ್ಳಿ. ಎಳೆಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ಮರಳಿನ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಹತ್ತು ಗಂಟೆ ಕಳೆದರೆ ಆ ಗೆರೆಗಳೆಲ್ಲ ಮಾಸುತ್ತವೆ. ಕ್ಯಾಮೆರಾದ ಲೆನ್ಸನ್ನು ಅಲ್ಲಿ ಬದಲಾಯಿಸಬೇಡಿ, ಬೇಕಾದದ್ದನ್ನು ಕೋಣೆಯಲ್ಲೇ ಹಾಕಿಕೊಂಡು ಹೋಗಿ. ಪೂರ್ತಿ ಮುಚ್ಚುವ ಬೂಟು ಹಾಕಿ. ಮರದ ನೆಲಗಳು ಕೊಳೆತಿವೆ, ಮಹಡಿ ಹತ್ತುವ ಮುಂಚೆ ಒತ್ತಿ ನೋಡಿ, ಅನುಮಾನ ಬಂದರೆ ಹತ್ತಬೇಡಿ. ಯಾರೂ ತುಳಿಯದ ಮರಳಿರುವ ಕೋಣೆ ಕಂಡರೆ ಬಾಗಿಲಲ್ಲೇ ನಿಂತು ನೋಡಿ. ನಿಮ್ಮ ಹಿಂದೆ ಬರುವವರಿಗೂ ಅದು ಹಾಗೇ ಸಿಗಲಿ.

ತಲಕಾಡಿನಲ್ಲಿ ಅಗೆದಷ್ಟೂ ದೇವಸ್ಥಾನ ಕಾಣುವುದನ್ನು ಚಿಕ್ಕಂದಿನಲ್ಲಿ ನೋಡಿದ್ದ ನನಗೆ, ನೀಲಿ ಬಣ್ಣದ ಗೋಡೆಯ ಅರ್ಧದವರೆಗೆ ಮರಳು ನಿಂತ ಆ ಕೋಣೆಗಳಲ್ಲಿ ಮಾತು ಹೊರಡಲಿಲ್ಲ. ತಲಕಾಡಿಗೆ ಮಾಲಂಗಿಯ ಮಡುವಿನ ಶಾಪದ ಕಥೆಯಾದರೂ ಇದೆ. ಇಲ್ಲಿ ಜನ ಸುಮ್ಮನೆ ಎದ್ದು ಹೋದರು. ಮಾರ್ಗದರ್ಶಕರು ನೃತ್ಯಶಾಲೆಯ ಬಗ್ಗೆ ಹೇಳಿ ಮುಗಿಸಿದಾಗ ಕಾರ್ಮಿಕರು ಎಲ್ಲಿ ಉಳಿಯುತ್ತಿದ್ದರು ಎಂದು ಕೇಳಿ. ಒಳ್ಳೆಯ ಮಾರ್ಗದರ್ಶಕರು ಆ ಪ್ರಶ್ನೆಗೆ ಕಾಯುತ್ತಿರುತ್ತಾರೆ.

ಮಧ್ಯಾಹ್ನ: ಊರೊಳಗೆ

ಗಾಳಿ ಎದ್ದಿರುತ್ತದೆ, ಊಟ ಮಾಡಿ ಒಳಾಂಗಣಗಳಿಗೆ ಹೋಗಿ. ಚಿಕ್ಕ ವಸ್ತುಸಂಗ್ರಹಾಲಯವಿದೆ. ವಜ್ರದ ಕಂಪನಿಯ ಅಧಿಕಾರಿ ಹಾನ್ಸ್ ಗೋರ್ಕೆ 1910ರ ಸುಮಾರಿಗೆ ಬಂಡೆಗೆ ಒರಗಿಸಿ ಕಟ್ಟಿಸಿದ ಮನೆಯಿದೆ. ಮೇಲೆ ಗುಡ್ಡದ ತುದಿಯಲ್ಲಿ 1912ರ ಫೆಲ್ಸೆನ್‌ಕಿರ್ಶೆ, ಬಂಡೆಯ ಚರ್ಚು. ಅದನ್ನು ಸಂಜೆ ಸುಮಾರು ಒಂದು ಗಂಟೆಯ ಹೊತ್ತು ಮಾತ್ರ ತೆರೆಯುತ್ತಾರೆ, ಇಳಿಬಿಸಿಲು ಬಣ್ಣದ ಗಾಜಿನ ಮೂಲಕ ಒಳಗೆ ಬರುವ ಹೊತ್ತು. ವೇಳೆ ಋತುವಿಗೆ ತಕ್ಕಂತೆ ಬದಲಾಗುತ್ತದೆ, ಬಾಗಿಲ ಮೇಲೆ ಬರೆದಿರುತ್ತದೆ.

ಷಾರ್ಕ್ ಐಲ್ಯಾಂಡ್

ಇದನ್ನು ಬಿಟ್ಟು ಬರಬೇಡಿ. ಬಂದರಿನ ಪಕ್ಕ, ಈಗ ದಾರಿ ಹಾಕಿ ಊರಿಗೆ ಸೇರಿಸಿರುವ ಕಲ್ಲುಗುಡ್ಡ. 1905ರಿಂದ 1907ರವರೆಗೆ ಜರ್ಮನ್ ಸೇನೆ ಇಲ್ಲಿ ಈ ನಾಡಿನವರೇ ಆದ ಹೆರೆರೋ ಮತ್ತು ನಾಮಾ ಜನರನ್ನು ಕೂಡಿಹಾಕಿತ್ತು. ಗಂಡಸರು, ಹೆಂಗಸರು, ಮಕ್ಕಳು ಬರಿಯ ಬಂಡೆಯ ಮೇಲೆ, ನೀವು ಜಾಕೆಟ್ ಹಾಕಿಕೊಂಡೂ ನಡುಗುವ ಇದೇ ಗಾಳಿಯಲ್ಲಿ, ಹರಕು ಬಟ್ಟೆಯಲ್ಲಿ ಇದ್ದರು. ಬಂದರಿನ ಮತ್ತು ರೈಲು ದಾರಿಯ ಕೆಲಸಕ್ಕೆ ಅವರನ್ನು ದುಡಿಸಲಾಯಿತು. ಸತ್ತವರ ಸಂಖ್ಯೆ ಸಾವಿರಾರು ಎಂದು ಇತಿಹಾಸಕಾರರು ಅಂದಾಜಿಸುತ್ತಾರೆ. ನಾಮಾ ನಾಯಕ ಕಾರ್ನೇಲಿಯಸ್ ಫ್ರೆಡರಿಕ್ಸ್ ಇಲ್ಲೇ 1907ರ ಫೆಬ್ರವರಿಯಲ್ಲಿ ತೀರಿಕೊಂಡ. ನಡೆದದ್ದು ಜನಾಂಗಹತ್ಯೆ ಎಂದು ಜರ್ಮನ್ ಸರ್ಕಾರ ಒಪ್ಪಿದ್ದು 2021ರಲ್ಲಿ. 2025ರಿಂದ ನಮೀಬಿಯಾ ಮೇ 28ನ್ನು ಸ್ಮರಣೆಯ ದಿನವಾಗಿ ಆಚರಿಸುತ್ತಿದೆ.

ಈ ನೆಲದ ಮೇಲೆಯೇ ಇಂದು ಪ್ರವಾಸಿಗರ ಬಿಡಾರದ ಜಾಗವಿದೆ. ನೋಟ ಚೆಂದ, ಬಾಡಿಗೆ ಕಡಿಮೆ ಎಂದು ಜನ ಡೇರೆ ಹಾಕುತ್ತಾರೆ. ನಾನು ಹಾಕಲಾರೆ, ನೀವೂ ಹಾಕಬೇಡಿ ಎಂದು ಕೇಳಿಕೊಳ್ಳುತ್ತೇನೆ. ಬೆಳಿಗ್ಗೆ ನಡೆದು ಹೋಗಿ, ಸ್ಮಾರಕದ ಮುಂದೆ ನಿಂತು ಬನ್ನಿ.

ಊರಿನ ಹೆಸರಿಗೂ ಒಂದು ಮೋಸದ ಕಥೆ ಅಂಟಿದೆ. 1883ರಲ್ಲಿ ವ್ಯಾಪಾರಿ ಅಡಾಲ್ಫ್ ಲೂಡೆರಿಟ್ಸ್‌ನ ಪ್ರತಿನಿಧಿ ನಾಮಾ ನಾಯಕ ಜೋಸೆಫ್ ಫ್ರೆಡರಿಕ್ಸ್‌ನಿಂದ ಕಡಲ ದಂಡೆ ಕೊಂಡಾಗ ಕರಾರಿನಲ್ಲಿ ಒಳನಾಡಿನ ಕಡೆಗೆ 20 ಮೈಲಿ ಎಂದು ಬರೆದಿತ್ತು. ನಾಯಕ ತಿಳಿದದ್ದು ತನಗೆ ಗೊತ್ತಿದ್ದ ಇಂಗ್ಲಿಷ್ ಮೈಲಿ, ಒಂದಕ್ಕೆ 1.6 ಕಿ.ಮೀ. ಲೂಡೆರಿಟ್ಸ್ ಲೆಕ್ಕ ಹಿಡಿದದ್ದು ಜರ್ಮನಿಯ ಭೌಗೋಳಿಕ ಮೈಲಿ, ಒಂದಕ್ಕೆ 7.4 ಕಿ.ಮೀ. ಸುಮಾರು 32 ಕಿ.ಮೀ. ಕೊಟ್ಟೆ ಎಂದುಕೊಂಡವನು ಸುಮಾರು 148 ಕಿ.ಮೀ. ಕಳೆದುಕೊಂಡ.

ಎರಡನೇ ಬೆಳಿಗ್ಗೆ: ಕಡಲ ಕಡೆ

ದೋಣಿ ಪ್ರವಾಸಗಳು ಬೆಳಿಗ್ಗೆ ಹೊರಡುತ್ತವೆ, ಗಾಳಿ ಜೋರಾದರೆ ರದ್ದಾಗುತ್ತವೆ. ಆದ್ದರಿಂದ ಉಳಿದ ದಿನಗಳಲ್ಲಿ ಮೊದಲನೆಯದಕ್ಕೇ ಹೆಸರು ಬರೆಸಿ, ತಪ್ಪಿದರೆ ಮರುದಿನ ಉಳಿದಿರುತ್ತದೆ. ಮೂರು ರಾತ್ರಿ ಬೇಕೆನ್ನುವುದಕ್ಕೆ ಇದು ಮುಖ್ಯ ಕಾರಣ. ದೋಣಿ ಹ್ಯಾಲಿಫ್ಯಾಕ್ಸ್ ದ್ವೀಪದ ಆಫ್ರಿಕನ್ ಪೆಂಗ್ವಿನ್‌ಗಳ ಹತ್ತಿರ ಹೋಗುತ್ತದೆ. ದಾರಿಯಲ್ಲಿ ಸೀಲ್‌ಗಳು, ಈ ಕರಾವಳಿಗೇ ಸೀಮಿತವಾದ ಚಿಕ್ಕ ಹೆವಿಸೈಡ್ ಡಾಲ್ಫಿನ್‌ಗಳು ಕಾಣಸಿಗುತ್ತವೆ. ಆಫ್ರಿಕನ್ ಪೆಂಗ್ವಿನ್ 2024ರಲ್ಲಿ ತೀವ್ರ ಅಪಾಯದ ಪಟ್ಟಿಗೆ ಸೇರಿತು. ಹತ್ತೊಂಬತ್ತನೇ ಶತಮಾನದಲ್ಲಿ ಗೊಬ್ಬರಕ್ಕಾಗಿ ಇಲ್ಲಿನ ದ್ವೀಪಗಳ ಹಕ್ಕಿ ಹಿಕ್ಕೆಯನ್ನು ಬಂಡೆ ಕಾಣುವವರೆಗೆ ಕೆರೆದು ಹಡಗಿಗೆ ತುಂಬಿದರು. ಪೆಂಗ್ವಿನ್ ಗೂಡು ಕೊರೆಯುತ್ತಿದ್ದುದು ಆ ಹಿಕ್ಕೆಯ ಪದರದೊಳಗೇ. ಮನೆ ಹೋಯಿತು, ಆಮೇಲೆ ಅತಿಯಾದ ಮೀನುಗಾರಿಕೆಯಿಂದ ಊಟವೂ ಹೋಯಿತು. ಹಾಗಾಗಿ ದೋಣಿಯವರು ದೂರದಲ್ಲೇ ನಿಲ್ಲಿಸಿದರೆ ಇನ್ನೂ ಹತ್ತಿರ ಹೋಗಿ ಎಂದು ಒತ್ತಾಯಿಸಬೇಡಿ, ಬೈನಾಕ್ಯುಲರ್ ಒಯ್ಯಿರಿ.

ದೋಣಿಯಿಂದ ಬಂದ ಮೇಲೆ ಅಥವಾ ಮೂರನೇ ಬೆಳಿಗ್ಗೆ ಕಾರಿನಲ್ಲಿ ದಕ್ಷಿಣದ ಭೂಚಾಚಿಗೆ ಹೋಗಿ. ಜಲ್ಲಿ ರಸ್ತೆ, ನಿಧಾನ. ಹಿನ್ನೀರಿನಲ್ಲಿ ರಾಜಹಂಸಗಳು ನಿಂತಿರುತ್ತವೆ. ಪೋರ್ಚುಗಲ್‌ನ ನಾವಿಕ ಬಾರ್ತೊಲೊಮೆಯು ಡಯಾಸ್ 1488ರಲ್ಲಿ ಕಲ್ಲಿನ ಶಿಲುಬೆ ನೆಟ್ಟ ತುದಿಯಲ್ಲಿ ಈಗ ಅದರ ಪ್ರತಿರೂಪವಿದೆ. ವಾಸ್ಕೋ ಡ ಗಾಮ ನಮ್ಮ ಮಲಬಾರಿಗೆ ಬಂದಿಳಿಯುವುದಕ್ಕೆ ಹತ್ತು ವರ್ಷ ಮೊದಲು, ಆ ದಾರಿಯನ್ನು ಹುಡುಕುತ್ತಾ ಬಂದ ಹಡಗು ಇಲ್ಲಿ ಲಂಗರು ಹಾಕಿತ್ತು ಎಂದು ನೆನೆದರೆ ಆ ಶಿಲುಬೆ ನಮಗೆ ತೀರಾ ಪರಕೀಯವೆನಿಸುವುದಿಲ್ಲ. ಪಕ್ಕದಲ್ಲಿ ಕೆಂಪು ಬಿಳಿ ಪಟ್ಟೆಯ ದೀಪಸ್ತಂಭ. ಇನ್ನೂ ಮುಂದೆ ಗ್ರೋಸೆ ಬುಖ್ಟ್ ಎಂಬ ಕೊಲ್ಲಿಯಲ್ಲಿ ಒಡೆದ ಹಡಗಿನ ಅವಶೇಷ. ಮರಳಿನ ಮೇಲೆ ಗಾಡಿ ಇಳಿಸಬೇಡಿ, ಟಯರು ಹೂತರೆ ಎಳೆಯಲು ಯಾರೂ ಇರುವುದಿಲ್ಲ.

ಇನ್ನೂ ಒಂದು ದಿನ ಇದ್ದರೆ ನಿಷಿದ್ಧ ಪ್ರದೇಶದೊಳಗಿನ ಬೋಗೆನ್‌ಫೆಲ್ಸ್‌ಗೆ ಹೋಗಬಹುದು. ಕಡಲಿಗೆ ಬಾಗಿದ ಸುಮಾರು 55 ಮೀಟರ್ ಎತ್ತರದ ಕಲ್ಲಿನ ಕಮಾನು. ಅಧಿಕೃತ ಸಂಸ್ಥೆಗಳ ಗಾಡಿಯಲ್ಲೇ ಹೋಗಬೇಕು. ಪಾಸ್‌ಪೋರ್ಟ್ ವಿವರಗಳನ್ನು ಬಹಳ ದಿನ ಮುಂಚೆ ಕಳಿಸಿ ಅನುಮತಿ ಪಡೆಯಬೇಕು, ಊರಿಗೆ ಬಂದ ಮೇಲೆ ಕೇಳಿದರೆ ಆಗುವುದಿಲ್ಲ.

ವಜ್ರದ ಬಗ್ಗೆ ಒಂದು ಎಚ್ಚರಿಕೆ

ಕಚ್ಚಾ ವಜ್ರವನ್ನು ಪರವಾನಗಿಯಿಲ್ಲದೆ ಇಟ್ಟುಕೊಳ್ಳುವುದು ನಮೀಬಿಯಾದಲ್ಲಿ ಗಂಭೀರ ಅಪರಾಧ. ಬೀದಿಯಲ್ಲಿ ಯಾರಾದರೂ ಕಾಗದದ ಪೊಟ್ಟಣ ಬಿಚ್ಚಿ ತೋರಿಸಲು ಬಂದರೆ ಕೈಯಲ್ಲೂ ಹಿಡಿಯದೆ ನಡೆದುಬಿಡಿ. ಅದು ಗಾಜಾದರೆ ಹೋಗುವುದು ನಿಮ್ಮ ದುಡ್ಡು, ನಿಜವಾದ ವಜ್ರವಾದರೆ ಹೋಗುವುದು ನಿಮ್ಮ ಸ್ವಾತಂತ್ರ್ಯ. ಮಕ್ಕಳಿಗೂ ಮೊದಲೇ ಹೇಳಿಡಿ: ಕೋಲ್ಮನ್ಸ್‌ಕಾಪ್‌ನಲ್ಲಾಗಲಿ ರಸ್ತೆಯ ಬದಿಯಲ್ಲಾಗಲಿ ಚೆಂದದ ಕಲ್ಲು ಕಂಡರೂ ಜೇಬಿಗೆ ಹಾಕಬಾರದು.

ಹೊರಡುವ ದಿನ

ಹಿಂದಿನ ಸಂಜೆಯೇ ಟ್ಯಾಂಕ್ ತುಂಬಿಸಿ, ಟಯರಿನ ಗಾಳಿ ನೋಡಿಸಿ, ಗಾಜು ಒರೆಸಿಕೊಳ್ಳಿ. ಒರೆಸುವ ಮುಂಚೆ ನೀರು ಸುರಿದು ಮರಳು ಇಳಿಸಿ, ಒಣ ಬಟ್ಟೆ ಎಳೆದರೆ ಗಾಜಿಗೆ ಗೀರು ಬೀಳುತ್ತದೆ. ಬೆಳಿಗ್ಗೆ ಹಿಂದಿನ ರಾತ್ರಿಯ ಮರಳನ್ನು ಯಂತ್ರ ಬಳಿದಿರುವುದಿಲ್ಲ, ಮೊದಲ 30 ಕಿ.ಮೀ. ನಿಧಾನ. ಎಂಟಕ್ಕೆ ಊರು ಬಿಟ್ಟರೆ ಒಂಬತ್ತೂವರೆಯ ಹೊತ್ತಿಗೆ ಗರುಬ್‌ನಲ್ಲಿರುತ್ತೀರಿ. ಬುತ್ತಿಯನ್ನು ಅಲ್ಲಿ ಬಿಚ್ಚಿ. ಬರುವಾಗ ಕುದುರೆಗಳು ಕಾಣದಿದ್ದರೂ ಹೋಗುವಾಗ ಕಾಣುವುದುಂಟು.